ಸೀಟಿ ಊದಿದ ವರ್ಷದ ಕೊಯ್ಲು

ಪ್ರತಿ ವರ್ಷ ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಬಣಕಲ್‌ನ ನಮ್ಮ ಮನೆಗೆ ಒಂದು ಗಂಟು ಬರುತ್ತದೆ. ಹರಪನಹಳ್ಳಿ ಕಡೆಯಿಂದ ಹಣ್ಣು ಕೊಯ್ಯಲು ಬರುವವರಲ್ಲಿ ಯಾರಾದರೊಬ್ಬರು ಬಸ್ಸಿಳಿದು, ನನ್ನ ತಮ್ಮನ ಗ್ಯಾರೇಜಿನಲ್ಲಿ ವಿಚಾರಿಸಿಕೊಂಡು ಮನೆಗೆ ಬಂದು ಕೊಟ್ಟುಹೋಗುತ್ತಾರೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಖಡಕ್ ಜೋಳದ ರೊಟ್ಟಿ, ಜೊತೆಗೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. ಬಿಚ್ಚಿದ ಕೂಡಲೇ ಹುರಿದ ಶೇಂಗಾ, ಬೆಳ್ಳುಳ್ಳಿಯ ವಾಸನೆ ಮನೆಯೆಲ್ಲ ತುಂಬುತ್ತದೆ. ಮಕ್ಕಳಿಗೆ ಅವತ್ತು ಹಬ್ಬ. ನನ್ನ ಹೆಂಡತಿ ಜರೀನಾ ವರ್ಷವರ್ಷವೂ ಅದೇ ಮಾತು ಹೇಳುತ್ತಾಳೆ: "ನೀವು ಅದೇನು ಪುಣ್ಯ ಮಾಡಿದ್ರೋ ಮಾರಾಯ್ರೆ, ಅಷ್ಟು ದೂರದಿಂದ ರೊಟ್ಟಿ ಹುಡ್ಕೊಂಡು ಬರುತ್ತೆ!" ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಹೊರಗೆ ಹೋಗುತ್ತೇನೆ.

ರೊಟ್ಟಿ ಕಳಿಸುವವನು ದುರುಗಪ್ಪ. ತನ್ನ ಮಗಳ ಜೀವ ಉಳಿಸಿದ್ದು ನಾನು ಎಂದು ಅವನ ನಂಬಿಕೆ. ಈ ಸಲ ಗಂಟು ಬಂದ ರೀತಿಯೇ ಬೇರೆ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆರು ವರ್ಷದ ಹಿಂದಿನ ಕೊಯ್ಲಿನಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆಯಬೇಕು.

ಆಗ ನಾನು ಬಣಕಲ್‌ನಿಂದ ಒಳಗಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು, ಸಂಜೆ ಹಣ್ಣಿನ ತೂಕ ನೋಡುವುದು, ಸಾಹುಕಾರರ ಬೈಗುಳವನ್ನು ಮೇಸ್ತ್ರಿಗೂ ಮೇಸ್ತ್ರಿಯ ಸುಳ್ಳನ್ನು ಸಾಹುಕಾರರಿಗೂ ತಲುಪಿಸುವುದು ನನ್ನ ಕೆಲಸ. ಆ ವರ್ಷ ದೀಪಾವಳಿಯವರೆಗೂ ಮಳೆ ಬಿಡಲಿಲ್ಲ. ಬಿಟ್ಟ ಮೇಲೆ ಸುರಿದ ಬಿಸಿಲಿಗೆ ಅರೇಬಿಕಾ ಕಾಫಿ ಪೂರಾ ಒಟ್ಟಿಗೇ ಹಣ್ಣಾಯಿತು. ಡಿಸೆಂಬರಿನಲ್ಲಿ ಮತ್ತೆ ಮೋಡ. ಒಂದು ಮಳೆ ಬಿದ್ದರೆ ಹಣ್ಣೆಲ್ಲ ನೆಲಕ್ಕೆ. ಸಾಹುಕಾರರು ದಿನಕ್ಕೆ ನಾಲ್ಕು ಸಲ ಆಕಾಶ ನೋಡುತ್ತಿದ್ದರು, ನಾಲ್ಕು ಸಲ ನನಗೆ ಫೋನ್ ಮಾಡುತ್ತಿದ್ದರು. ಕೊಯ್ಯುವ ಕೈ ಎಷ್ಟಿದ್ದರೂ ಸಾಲದು. ಹಾಗಾಗಿ ದೊಡ್ಡವರ ಜೊತೆ ಮಕ್ಕಳೂ ಕೊಯ್ಯುತ್ತಿದ್ದರು. ಕೆಳಗಿನ ರೆಂಬೆಗಳು ಅವರ ಪಾಲು. ಮಕ್ಕಳು ಕೊಯ್ದ ಹಣ್ಣು ಅಮ್ಮಂದಿರ ಚೀಲಕ್ಕೆ ಹೋಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರೂ ಇರಲಿಲ್ಲ.

ಹಿಂದಿನ ವರ್ಷ ಆಚೆ ಗುಡ್ಡದ ತೋಟಕ್ಕೆ ಅಧಿಕಾರಿಗಳು ಬಂದು, ಮಕ್ಕಳು ಕೆಲಸ ಮಾಡುವುದನ್ನು ಕಂಡು ಕೇಸು ಹಾಕಿದ್ದರು. ಆ ತೋಟದ ರೈಟರನ ಕೆಲಸ ಹೋಯಿತು. ನಮ್ಮ ಸಾಹುಕಾರರು ನನ್ನನ್ನು ಕರೆಸಿ, "ರಫೀಕ್, ನಮ್ಮಲ್ಲಿ ಹಂಗೆಲ್ಲ ಆಗ್ಬಾರ್ದು ಮಾರಾಯ. ನೀನು ಬುದ್ಧಿವಂತ, ನೋಡ್ಕೊ" ಎಂದರು. ನೋಡಿಕೋ ಎಂದರೆ ಮಕ್ಕಳನ್ನು ಕೆಲಸ ಬಿಡಿಸು ಎಂದಲ್ಲ, ಕಾಣದ ಹಾಗೆ ಮಾಡು ಎಂದು. ಬುದ್ಧಿವಂತ ಎಂದು ಕರೆಸಿಕೊಂಡ ಮೇಲೆ ಏನಾದರೂ ಬುದ್ಧಿ ತೋರಿಸಬೇಕಲ್ಲ. ಮೂಡಿಗೆರೆ ಸಂತೆಯಲ್ಲಿ ಸ್ಟೀಲಿನ ಎರಡು ಸೀಟಿ ಕೊಂಡುತಂದೆ.

ನಿಯಮ ಸುಲಭ. ಗೇಟಿನ ತಿರುವಿನಲ್ಲಿ ಸರ್ಕಾರಿ ಗಾಡಿ ಕಂಡರೆ ಎರಡು ಸಲ ಗಿಡ್ಡ ಸೀಟಿ. ಕೇಳಿದ ಕೂಡಲೇ ಮಕ್ಕಳು ಚೀಲ ಬಿಟ್ಟು, ಏರು ಹತ್ತಿ, ತೋಟದ ತಲೆಯಲ್ಲಿರುವ ಕಾಡಿನ ಅಂಚಿಗೆ ಓಡಬೇಕು. ಗಾಡಿ ಹೋದ ಮೇಲೆ ಒಂದು ಉದ್ದ ಸೀಟಿ, ವಾಪಸ್. ಕಲಿಸಲು ಎರಡು ಮೂರು ದಿನ ಸುಮ್ಮಸುಮ್ಮನೆ ಊದಿ ಓಡಿಸಿದೆ. ಮೊದಲು ಮುಟ್ಟಿದವರಿಗೆ ಕ್ರೀಮ್ ಬಿಸ್ಕತ್ತು. ಮಕ್ಕಳು ಕಿರುಚಿಕೊಂಡು ಓಡುತ್ತಿದ್ದರು, ನಾನು ಕೆಳಗೆ ನಿಂತು ನಗುತ್ತಿದ್ದೆ. ಆ ಆಟದಲ್ಲಿ ನನಗೆ ಖುಷಿ ಇತ್ತು. ಸುಳ್ಳು ಹೇಳುವುದಿಲ್ಲ.

ಹುಲಿಗೆಮ್ಮ ಯಾವತ್ತೂ ಕೊನೆ. ದುರುಗಪ್ಪ, ಮರಿಯವ್ವರ ದೊಡ್ಡ ಮಗಳು, ಹನ್ನೆರಡು ವರ್ಷ, ಎಲ್ಲರ ಬಾಯಲ್ಲಿ ಹುಲಿಗಿ. ಅರ್ಧ ಏರು ಹತ್ತುವಷ್ಟರಲ್ಲಿ ಸಿಲ್ವರ್ ಓಕ್ ಮರವೊಂದನ್ನು ತಬ್ಬಿಕೊಂಡು ಕೂತುಬಿಡುತ್ತಿದ್ದಳು. "ಅಜ್ಜಿ ಕೂತ್ಲು ನೋಡ್ರೋ, ಅಜ್ಜಿಗೆ ಒಂದು ಕೋಲು ಕೊಡ್ರೋ" ಎಂದು ನಾನು ಕೂಗುತ್ತಿದ್ದೆ. ಮಕ್ಕಳೆಲ್ಲ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಆದರೆ ನಗಲು ಅವಳಿಗೆ ಸಾಕಷ್ಟು ಉಸಿರು ಇರುತ್ತಿರಲಿಲ್ಲ. ಅದು ನನಗೆ ಈಗ ಕಾಣುತ್ತದೆ. ಆಗ ಸೋಮಾರಿತನ ಕಂಡಿತ್ತು. ಅಜ್ಜಿ ಎಂಬ ಹೆಸರು ಆಳುಗಳ ಮನೆಸಾಲಿನ, ಅಂದರೆ ಲೈನಿನ ತುಂಬ ನಿಂತಿತು.

ಡಿಸೆಂಬರ್ ಮೊದಲ ವಾರ ಅವಳ ಮೊಣಕಾಲು ಬಾತವು. ಒಂದು ಇಳಿದರೆ ಇನ್ನೊಂದು. ಮರಿಯವ್ವ ಎಣ್ಣೆ ಹಚ್ಚಿ ತಿಕ್ಕಿದಳು. "ಊರಾಗ ಜ್ವರ ಬಂದು ಗಂಟ್ಲು ನೋವಾಗಿತ್ರಿ, ಆವಾಗಿಂದ ಹುಡ್ಗಿ ಸಣ್ಣಗಾಗ್ಯಾಳ" ಎಂದು ನನ್ನ ಹತ್ತಿರ ಹೇಳಿದಳು. ನಾನು ಮೇಜಿನ ಡ್ರಾಯರಿನಿಂದ ಒಂದು ನೋವಿನ ಮಾತ್ರೆ ತೆಗೆದುಕೊಟ್ಟು, "ಈ ಚಳಿಗೆ ಬಯಲುಸೀಮೆಯೋರಿಗೆ ಹಂಗೇ ಆಗೋದು" ಎಂದು ಡಾಕ್ಟರಿಕೆ ಮಾಡಿದೆ. ಜೊತೆಗೆ ಒಂದು ರಿಯಾಯಿತಿಯನ್ನೂ ಕೊಟ್ಟೆ. ಸೀಟಿ ಕೇಳಿದರೆ ಹುಲಿಗಿ ಏರು ಹತ್ತುವುದು ಬೇಡ, ಆಫೀಸಿನ ಪಕ್ಕದ ಗೋಡೌನಿಗೆ ಹೋಗಿ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳ ಹಿಂದೆ ಕೂತರೆ ಸಾಕು. ಅದನ್ನು ದಯೆ ಎಂದುಕೊಂಡಿದ್ದೆ.

ಅದಾಗಿ ವಾರವಾಗಿರಬೇಕು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಗೇಟಿನ ತಿರುವಿನಲ್ಲಿ ಒಂದು ಬಿಳಿ ಜೀಪು ಕಂಡಿತು. ಊದಿದೆ. ಗುಡ್ಡದ ಮೇಲೆ ಗಿಡ ಸರಿದ ಸದ್ದು, ಆಮೇಲೆ ಏನೂ ಇಲ್ಲ. ಹುಲಿಗಿ ಗೋಡೌನಿಗೆ ಹೋದದ್ದನ್ನು ಕಣ್ಣಾರೆ ನೋಡಿ ಚಿಲಕ ಹಾಕಿದೆ. ಜೀಪಿನಿಂದ ಇಳಿದವರು ಮಕ್ಕಳ ಆರೋಗ್ಯ ತಪಾಸಣೆಯ ತಂಡ. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಜೊತೆಗೆ ಬಣಕಲ್ ಆಸ್ಪತ್ರೆಯ ಶಶಿಕಲಾ ಸಿಸ್ಟರ್. ಸಿಸ್ಟರನ್ನು ಈ ಕಡೆ ಎಲ್ಲರೂ ಬಲ್ಲರು. ಚುಚ್ಚುವ ಕೈ ಮೆದು, ಬಾಯಿ ಮಾತ್ರ ಅಲ್ಲ.

ಆಫೀಸಿನಲ್ಲಿ ಕೂತು ನೀರು ಕುಡಿದು ಸಿಸ್ಟರ್ ಕೇಳಿದರು: "ಲೈನಲ್ಲಿ ಮಕ್ಕಳು ಎಷ್ಟಿದಾರೆ ರೈಟ್ರೆ?"

"ತೊಟ್ಟಿಲ ಮಕ್ಕಳು ನಾಲ್ಕೈದು ಇದಾವೆ ಸಿಸ್ಟ್ರೆ."

"ದೊಡ್ಡವು?"

"ದೊಡ್ಡವನ್ನ ಊರಲ್ಲೇ ಬಿಟ್ಟು ಬಂದಿದಾರೆ. ಶಾಲೆ ಉಂಟಲ್ಲ."

ಸಿಸ್ಟರ್ ಬಾಗಿಲಾಚೆ ಕಣ್ಣು ಹಾಯಿಸಿದರು. ತೂಕದ ಕಟ್ಟೆಯ ಹತ್ತಿರ ಸಣ್ಣ ಅಳತೆಯ ಚಪ್ಪಲಿಗಳು ಒಂದೊಂದು ಒಂದೊಂದು ಕಡೆ ಬಿದ್ದಿದ್ದವು. ಅವರು ಅದರ ಮಾತೆತ್ತಲಿಲ್ಲ. ದನಿ ತಗ್ಗಿಸಿದರು. "ನೋಡಿ, ನಾನು ಕೇಸ್ ಹಾಕೋಕೆ ಬಂದೋಳಲ್ಲ. ನಾವು ಶಾಲೆಗಳಿಗೆ ಹೋಗಿ ಮಕ್ಕಳನ್ನ ನೋಡ್ತೀವಿ. ಈ ಮಕ್ಕಳು ಅವರ ಊರಿನ ಶಾಲೆಯಲ್ಲಿ ಗೈರುಹಾಜರಿ, ಇಲ್ಲಿನ ಶಾಲೆಯಲ್ಲಿ ಹೆಸರೇ ಇಲ್ಲ. ಇವರನ್ನ ಎಲ್ಲಿ ಅಂತ ಹುಡುಕೋದು? ಅದಕ್ಕೇ ಲೈನಿಗೆ ಬಂದೆ. ಮೊನ್ನೆ ಒಂದು ತೋಟದಲ್ಲಿ ಒಂದು ಮಗು ಸಿಕ್ತು, ಹಾರ್ಟಿನ ತೊಂದ್ರೆ. ಗಂಟಲು ನೋವು ಬಂದು ಆಮೇಲೆ ಕೀಲು ಬಾತ್ಕೊಳ್ಳೋದು, ನಾಲ್ಕು ಹೆಜ್ಜೆ ಹತ್ತಿದ್ರೆ ಏದುಸಿರು ಬರೋದು, ಅಂಥ ಮಕ್ಕಳು ಯಾರಾದ್ರೂ ಇದ್ರೆ ಹೇಳಿ. ಬೇಗ ಸಿಕ್ಕಿದ್ರೆ ಮೂರು ವಾರಕ್ಕೊಂದು ಇಂಜೆಕ್ಷನ್ ಕೊಟ್ಟು ಜಾಸ್ತಿ ಆಗದಂಗೆ ತಡೀಬಹುದು."

ಸಿಸ್ಟರ್ ಕೂತ ಕುರ್ಚಿಗೂ ಹುಲಿಗಿ ಕೂತ ಮೂಟೆಗೂ ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಅವರು ಹೇಳಿದ ಒಂದೊಂದು ಗುರುತೂ ಆ ಹುಡುಗಿಯದ್ದೇ. ನನಗೆ ಅರ್ಥವಾಗಲಿಲ್ಲ ಎಂದು ಬರೆಯಬಹುದು. ಅರ್ಥವಾಗಿತ್ತು. ಆದರೆ ಹುಲಿಗಿಯನ್ನು ಹೊರಗೆ ಕರೆದರೆ ಹೆಸರು ಪುಸ್ತಕಕ್ಕೆ ಹೋಗುತ್ತದೆ, ಪುಸ್ತಕ ತಾಲ್ಲೂಕು ಆಫೀಸಿಗೆ ಹೋಗುತ್ತದೆ, ಅಲ್ಲಿಂದ ಯಾರು ಬರುತ್ತಾರೋ ಎಂದು ನನ್ನ ತಲೆ ಓಡಿತು. ಗಿಡದಲ್ಲಿ ಇನ್ನೂ ಅರ್ಧ ಹಣ್ಣು ಇದೆ ಎಂದೂ ಓಡಿತು.

"ಹಂಗಿನೋರು ನಮ್ಮಲ್ಲಿ ಯಾರೂ ಇಲ್ಲ ಸಿಸ್ಟ್ರೆ" ಎಂದೆ.

ಅವರು ತಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು, ನನ್ನ ಮೇಜಿನ ಗಾಜಿನ ಅಡಿಗೆ ತಾವೇ ಸರಿಸಿ, ತೊಟ್ಟಿಲ ಮಕ್ಕಳನ್ನು ನೋಡಿಕೊಂಡು ಹೋದರು. ಜೀಪು ಗೇಟು ದಾಟಿದ ಮೇಲೆ ಗೋಡೌನಿನ ಚಿಲಕ ತೆಗೆದೆ. ಹುಲಿಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕಣ್ಣಲ್ಲಿ ನೀರು.

"ಕೆಮ್ಮು ಬಂದಿತ್ರಿ. ತಡಕೊಂಡೆ."

"ಶಭಾಷ್ ಅಜ್ಜಿ" ಎಂದು ಒಂದು ಪೂರ್ತಿ ಪ್ಯಾಕೆಟ್ ಬಿಸ್ಕತ್ತು ಕೊಟ್ಟೆ. ಅವಳು ಒಡೆಯಲಿಲ್ಲ. ಪ್ಯಾಕೆಟನ್ನು ತಿರುಗಿಸುತ್ತಾ ಕೇಳಿದಳು: "ಆ ಅಕ್ಕಾರು ಸೂಜಿ ಅಂದ್ರಲ್ರಿ, ಯಾರಿಗ್ರಿ ಅದು?"

"ಯಾರಿಗೂ ಅಲ್ಲ. ಹೋಗು, ನಿಮ್ಮವ್ವ ಕಾಯ್ತಿರ್ತಾಳೆ."

ಅವಳು ಹೋದಳು. ಸಂಜೆ ತೂಕದ ಹೊತ್ತಿಗೆ ದುರುಗಪ್ಪ, "ಯಾರ್ರಿ ಬಂದಿದ್ರು, ಕೇಸಿನೋರಾ?" ಎಂದ. ಹೌದು ಎಂದೆ. "ದೇವ್ರು ದೊಡ್ಡೋನು, ಪಾರಾದ್ವಿ" ಎಂದು ನನಗೆ ಕೈಮುಗಿದ.

ಜನವರಿ ಕೊನೆಗೆ ನಮ್ಮ ತೋಟದ ಕೊಯ್ಲು ಮುಗಿಯಿತು. ಮಳೆ ಬರಲಿಲ್ಲ, ಸಾಹುಕಾರರು ಎಲ್ಲರಿಗೂ ಕೋಳಿಸಾರಿನ ಊಟ ಹಾಕಿಸಿದರು. ಆಳುಗಳನ್ನು ಹನುಮಂತ ಮೇಸ್ತ್ರಿ ತಡವಾಗಿ ಹಣ್ಣಾಗುವ ರೊಬಸ್ಟಾ ಕಾಫಿಯ, ಕಳಸದ ಕಡೆಯ ಒಂದು ತೋಟಕ್ಕೆ ಕರೆದುಕೊಂಡು ಹೊರಟ. ಹೊರಡುವಾಗ, "ರೈಟ್ರ, ಇನ್ನೊಂದು ಸೀಟಿ ಇತ್ತಲ್ರಿ, ಕೊಡ್ರಿ. ಅಲ್ಲೂ ಬೇಕಾಕ್ಕೈತಿ" ಎಂದ. ಕೊಟ್ಟೆ. ನನ್ನ ಉಪಾಯ ಇನ್ನೊಂದು ತೋಟಕ್ಕೂ ಹೋಗುತ್ತಿದೆ ಎಂದು ಒಳಗೊಳಗೇ ಹೆಮ್ಮೆಯಾಯಿತು.

ಪಿಕಪ್ ಗಾಡಿಗೆ ಮಕ್ಕಳೆಲ್ಲ ಕೋತಿಗಳ ಹಾಗೆ ಹತ್ತಿದರು. ಹುಲಿಗಿ ಹತ್ತಲಿಲ್ಲ. ಮರಿಯವ್ವ ಅವಳನ್ನು ಕೂಸಿನ ಹಾಗೆ ಎತ್ತಿ ಮೇಲೆ ಕೂರಿಸಿದಳು. ಹನ್ನೆರಡು ವರ್ಷದ ಹುಡುಗಿಯನ್ನು ಎತ್ತುವಾಗ ಆ ತಾಯಿಗೆ ಏನೂ ಭಾರವಾಗಲಿಲ್ಲ. ಕೆಳಗೆ ಇಳಿಬಿಟ್ಟ ಪಾದಗಳು ಮಾತ್ರ ಊದಿಕೊಂಡಿದ್ದವು, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಗಾಡಿ ಹೊರಟಿತು. ಆಫೀಸಿಗೆ ಬಂದು ಕೂತರೆ ಗಾಜಿನ ಅಡಿ ಸಿಸ್ಟರ್ ಬರೆದಿಟ್ಟ ಚೀಟಿ. ಅದರ ಮೇಲೆ ಹಾಜರಿ ಪುಸ್ತಕ ಇಟ್ಟೆ. ಮಾರನೇ ದಿನ ಪುಸ್ತಕ ಎತ್ತಿದೆ, ಮತ್ತೆ ಇಟ್ಟೆ. ಹೀಗೆ ಹದಿನೈದು ದಿನ ಕಳೆದೆ. ನನ್ನ ಇಡೀ ಬದುಕಿನಲ್ಲಿ ನನಗೆ ಅತಿ ಹೆಚ್ಚು ನಾಚಿಕೆಯಾಗುವುದು ಆ ಹದಿನೈದು ದಿನಗಳಿಗೆ. ಗೋಡೌನಿನ ದಿನ ಹೆದರಿದ್ದೆ ಎಂದಾದರೂ ಹೇಳಬಹುದು. ಕೊಯ್ಲು ಮುಗಿದ ಮೇಲೆ ಹೆದರಲು ಏನಿತ್ತು?

ಕೊನೆಗೊಂದು ಬೆಳಿಗ್ಗೆ ಬಣಕಲ್ ಆಸ್ಪತ್ರೆಗೆ ಹೋಗಿ ಸಿಸ್ಟರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಟ್ರೇ ಕೆಳಗಿಟ್ಟರು.

"ಗೋಡೌನಲ್ಲಿ ಇದ್ಲಾ? ನಾನು ಅಲ್ಲಿ ಕೂತಿದ್ದಾಗ?"

"ಹೌದು ಸಿಸ್ಟ್ರೆ."

"ಎಂತ ಮನುಷ್ಯರು ನೀವು!"

ಮಾರನೇ ದಿನವೇ ಜೀಪು ಹೊರಟಿತು. ಡಾಕ್ಟರು ಮುಂದೆ, ಹಿಂದೆ ಸಿಸ್ಟರ್ ಮತ್ತು ನಾನು. ಕೊಟ್ಟಿಗೆಹಾರ ದಾಟಿ ಕಳಸದ ದಾರಿಯುದ್ದಕ್ಕೂ ಸಿಸ್ಟರ್ ನನ್ನ ಜೊತೆ ಮಾತಾಡಲಿಲ್ಲ. ನನಗೆ ಮಾತ್ರ ಮನಸ್ಸು ಹಗುರವಾಗಿತ್ತು. ತಪ್ಪು ಒಪ್ಪಿಕೊಂಡಾಯಿತು, ಸರಿ ಮಾಡಲು ಹೊರಟಿದ್ದೂ ಆಯಿತು. ತೋಟದ ಗೇಟಿನಲ್ಲಿ ಜೀಪು ತಿರುಗಿದಾಗಲೂ ನನಗೆ ಹೊಳೆಯಲಿಲ್ಲ.

ಎರಡು ಗಿಡ್ಡ ಸೀಟಿ. ನನ್ನದೇ ಸೀಟಿ.

"ನಿಲ್ಸಿ! ಗಾಡಿ ನಿಲ್ಸಿ!" ಎಂದು ಕಿರುಚಿ ಇಳಿದು ಓಡಿದೆ. ಅಲ್ಲಿ ರೊಬಸ್ಟಾ ಗಿಡಗಳು ಆಳೆತ್ತರ. ಏರಿನ ಮೇಲೆ ಗಿಡ ಅಲುಗುವುದಷ್ಟೇ ಕಾಣುತ್ತಿತ್ತು, ಮಕ್ಕಳು ಕಾಣುತ್ತಿರಲಿಲ್ಲ. "ಹುಲಿಗೀ, ಓಡಬೇಡ! ನಾನು ರೈಟ್ರು! ಓಡಬೇಡ!" ಎಂದು ಕೂಗಿದೆ. ನನ್ನ ಕೂಗಿಗೆ ಗಿಡಗಳು ಇನ್ನೂ ಜೋರಾಗಿ ಅಲುಗಿದವು. ಏನೇ ಕೂಗಿದರೂ ನಿಲ್ಲಬಾರದು, ಉದ್ದ ಸೀಟಿ ಕೇಳುವವರೆಗೂ ನಿಲ್ಲಬಾರದು ಎಂದು ಕಲಿಸಿದವನು ನಾನೇ. ಮೇಸ್ತ್ರಿಯ ಕೈಯಿಂದ ಸೀಟಿ ಕಿತ್ತುಕೊಂಡು ಉದ್ದಕ್ಕೆ ಊದಿದೆ. ಮಕ್ಕಳು ಒಬ್ಬೊಬ್ಬರೇ ಇಳಿದು ಬಂದರು. ಅವಳು ಬರಲಿಲ್ಲ.

ಮೇಲಿನ ಸಾಲಿನಲ್ಲಿ ಕೊಯ್ಯುತ್ತಿದ್ದವಳು ಏರಿನ ತುದಿಯಲ್ಲಿದ್ದ ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಬಣ್ಣ. ಕತ್ತಿನ ನರ ಹೊರಗಿನಿಂದಲೇ ಹಾರುವುದು ಕಾಣುತ್ತಿತ್ತು. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳಿದರು. ಕೇಳಿ ನನ್ನ ಮುಖವನ್ನೂ ನೋಡಲಿಲ್ಲ, ದುರುಗಪ್ಪನ ಮುಖವನ್ನೂ ನೋಡಲಿಲ್ಲ. ಡ್ರೈವರ್ ಕಡೆ ತಿರುಗಿ "ಗಾಡಿ ತಿರುಗಿಸ್ರಿ" ಎಂದರು.

ಚಿಕ್ಕಮಗಳೂರಿನವರೆಗೂ ಅವಳು ತಾಯಿಯ ಎದೆಗೆ ಒರಗಿ ಕೂತೇ ಇದ್ದಳು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಎಲ್ಲೋ ಒಂದು ಕಡೆ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದಳು. ತುಂಡು ತುಂಡಾಗಿ ಹೇಳಿದಳು: "ರೈಟ್ರ... ಇವತ್ತ ನಾ ನಡುವ ಕೂಡ್ಲಿಲ್ರಿ. ಎಲ್ಲಾರ್ಕಿಂತ ಮೊದ್ಲ ಮುಟ್ಟೀನಿ."

ನನ್ನ ಜೇಬಿನಲ್ಲಿ ಬಿಸ್ಕತ್ತು ಇರಲಿಲ್ಲ. ಇದ್ದಿದ್ದರೂ ಕೊಡಲು ನನಗೆ ಮುಖ ಇರಲಿಲ್ಲ.

ಹುಡುಗಿ ಉಳಿದಳು. ಚಿಕ್ಕಮಗಳೂರಿನಲ್ಲಿ ಕೆಲವು ದಿನ ಇಟ್ಟುಕೊಂಡು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿ, ಸರ್ಕಾರದ ಯೋಜನೆಯಲ್ಲೇ ಹೃದಯದ ಕವಾಟ ಬದಲಿಸಿದರು. ಓಡಾಟವೆಲ್ಲ ಸಿಸ್ಟರದ್ದು. ಅವಳು ದಿನಾ ಮಾತ್ರೆ ನುಂಗಬೇಕು, ಬದುಕಿರುವವರೆಗೂ. ರಕ್ತ ಪರೀಕ್ಷೆಗೆಂದು ಮತ್ತೆ ಮತ್ತೆ ದಾವಣಗೆರೆಗೆ ಹೋಗಬೇಕು. ಭಾರ ಎತ್ತಬಾರದು. ಈಗ ಮದುವೆಯ ಮಾತು ಬಂದಾಗ ಮನೆಯವರೆಲ್ಲ ಮಾತು ಬದಲಿಸುತ್ತಾರೆ. "ಡಿಸೆಂಬರಲ್ಲೇ ಸಿಕ್ಕಿದ್ರೆ ಅವಳದ್ದೇ ವಾಲ್ವ್ ಉಳೀತಿತ್ತಾ?" ಎಂದು ಒಮ್ಮೆ ಸಿಸ್ಟರ್ ಹತ್ತಿರ ಕೇಳಿದೆ. ಅವರು ಯೋಚಿಸಿ, "ಖಂಡಿತಾ ಅಂತ ಹೇಳಲ್ಲ. ಉಳಿಯೋ ದಾರಿ ಒಂದಿತ್ತು. ಆ ಎರಡು ತಿಂಗಳು ಅವಳದ್ದು ರೈಟ್ರೆ, ನೀವು ತಿಂದ್ರಿ" ಎಂದರು.

ಮುಂದಿನ ಕೊಯ್ಲಿಗೆ ಸೀಟಿ ಇಲ್ಲ ಎಂದೆ. ಹಾಗಾದರೆ ರೈಟರೂ ಬೇಡ ಎಂದರು ಸಾಹುಕಾರರು. ಈಗ ತಮ್ಮನ ಗ್ಯಾರೇಜಿನಲ್ಲಿ ಬಿಡಿಭಾಗಗಳ ಕೌಂಟರ್ ನೋಡಿಕೊಳ್ಳುತ್ತೇನೆ. ಕೊಯ್ಲಿನ ಕಾಲದಲ್ಲಿ ಸಿಸ್ಟರ್ ತಂಡ ತೋಟಕ್ಕೆ ಹೋಗುವಾಗ ಜೊತೆಗೆ ಹೋಗುತ್ತೇನೆ. ಜೀಪನ್ನು ಗೇಟಿಗಿಂತ ಎಷ್ಟೋ ಹಿಂದೆಯೇ ನಿಲ್ಲಿಸಿ, ಸಂಜೆ ತೂಕದ ಹೊತ್ತಿಗೆ ನಡೆದು ಹೋಗುತ್ತೇವೆ. ಆ ಹೊತ್ತಿನಲ್ಲಿ ಎಲ್ಲ ಮಕ್ಕಳೂ ಅಮ್ಮಂದಿರ ಚೀಲದ ಪಕ್ಕವೇ ಇರುತ್ತಾರೆ. ಈ ಬುದ್ಧಿ ನನ್ನದೇ. ಮಕ್ಕಳು ಎಲ್ಲಿ ಅಡಗುತ್ತಾರೆ, ಯಾವಾಗ ಅಡಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಡಾಕ್ಟರು ಪ್ರತಿ ಮಗುವಿನ ಎದೆಗೂ ಸ್ಟೆತಸ್ಕೋಪ್ ಇಟ್ಟು ಮುಗಿಯುವವರೆಗೆ ನಾನು ದೀಪ ಹಿಡಿದು ನಿಲ್ಲುತ್ತೇನೆ. ಕೆಲವು ಮಕ್ಕಳು ಸಿಕ್ಕಿದ್ದಾರೆ. ಸಿಕ್ಕಾಗ ಸಿಸ್ಟರ್ ನನ್ನ ಕಡೆ ನೋಡಿ ತಲೆ ಆಡಿಸುತ್ತಾರೆ. ನನಗೆ ಸಮಾಧಾನವೇನೂ ಆಗುವುದಿಲ್ಲ.

ಈ ಸಲ ಗಂಟು ಬಂತು ಎಂದೆನಲ್ಲ, ಅದು ಗಂಟಾಗಿರಲಿಲ್ಲ. ಹೂವಿನ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಹೊಲಿದ ಚೀಲ, ಬಾಯಿಗೆ ದಾರ. ತಂದುಕೊಟ್ಟ ಹೆಂಗಸು, "ಹುಲಿಗೆಮ್ಮ ಹೊಲದಿದ್ರಿ. ಮಿಷಿನ್ ಕಲ್ತಾಳ" ಎಂದು ಹೇಳಿ ಫೋನ್ ನಂಬರನ್ನೂ ಕೊಟ್ಟಳು. ಚೀಲ ಹಿಡಿದು ಎಷ್ಟೋ ಹೊತ್ತು ಕೂತೆ. ಈಗ ಅವಳಿಗೆ ಹದಿನೆಂಟು. ಇವತ್ತು ಹೇಳಿಯೇ ಬಿಡಬೇಕು ಎಂದು ಫೋನ್ ಮಾಡಿದೆ. ಅವಳೇ ಎತ್ತಿದಳು. ಹಿಂದೆ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು.

"ಹುಲಿಗೆಮ್ಮ, ನಾನು ಬಣಕಲ್ ರಫೀಕ್. ಆ ದಿನ ಆಫೀಸಲ್ಲಿ ಸಿಸ್ಟರ್ ಕೇಳಿದ್ರಲ್ಲ, ಅವತ್ತು ನಾನು..."

ಅವಳು ತಡೆದಳು. "ರೊಟ್ಟಿ ಮೆತ್ತಗಾಗಿಲ್ಲೇನ್ರಿ?"

"ಇಲ್ಲ."

 ಆಮೇಲೆ ದನಿ ಇಳಿಸಿ ಹೇಳಿದಳು: "ಅಪ್ಪ ಇಲ್ಲೇ ಅದಾನ್ರಿ. ನಾ ಅವಗ ಹೇಳಿಲ್ಲ. ಹೇಳೂದೂ ಇಲ್ಲ ಬಿಡ್ರಿ."

ಅಷ್ಟರಲ್ಲಿ ದುರುಗಪ್ಪ ಫೋನ್ ಇಸಿದುಕೊಂಡ. "ನಮಸ್ಕಾರ್ರಿ ರೈಟ್ರ! ನೀವು ಅವತ್ತ ಜೀಪು ತಗೊಂಡು ಬರ್ಲಿಲ್ಲಂದ್ರ ನಮ್ಮ ಹುಡ್ಗಿ ಎಲ್ಲಿರ್ತಿದ್ಲು ಹೇಳ್ರಿ?" ಎಂದ. ನನ್ನ ಬಾಯಿಗೆ ಬಂದದ್ದು, "ರೊಟ್ಟಿ ಚೆನ್ನಾಗಿದೆ ದುರುಗಪ್ಪ" ಎಂಬ ಮಾತು ಮಾತ್ರ.

ಆರು ವರ್ಷದಿಂದ ಆ ಹುಡುಗಿ ಮೂಟೆಯ ಹಿಂದೆ ಕೂತ ಹಾಗೇ ಬಾಯಿ ಮುಚ್ಚಿಕೊಂಡಿದ್ದಾಳೆ, ಈಗ ನನಗೋಸ್ಕರ. ಅದಕ್ಕೇ ಇದನ್ನು ಬರೆದೆ. ಒಂದು ಪ್ರತಿಯನ್ನು ದುರುಗಪ್ಪನ ಹೆಸರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಓದಲು ಬರುವುದಿಲ್ಲ. ಆ ಮನೆಯಲ್ಲಿ ಓದಿ ಹೇಳಬೇಕಾದವಳು ಹುಲಿಗೆಮ್ಮ ಒಬ್ಬಳೇ.